ಶ್ರೀನಿವಾಸ ಕಳಿಸಿದ ಬಯೋಡೇಟಾ

ಹೊರದೇಶದ ಯೂನಿಯನ್ ಸಿಟಿಯಲ್ಲಿ ದಿನಸಿ ಅಂಗಡಿ ಇಟ್ಟಿರುವ ಮಂಡ್ಯದ ಶ್ರೀನಿವಾಸ, ಬೇಳೆಯನ್ನು ಅಂಗೈಯಲ್ಲಿ ಹರಡಿದರೆ ಸಾಕು, ಅದರ ವಯಸ್ಸು ಹೇಳಬಲ್ಲ. ಮುಖ ನೋಡಿದರೆ ಸಾಕು, ಗಿರಾಕಿ ಕೊಳ್ಳುತ್ತಾರೋ ಬರೀ ರೇಟು ಕೇಳಿ ಹೋಗುತ್ತಾರೋ ಹೇಳಬಲ್ಲ. ಅಂಥವನಿಗೆ ಆ ವಾರ ಮಗಳು ನಿಸರ್ಗಾಳ ಮುಖ ನೋಡುವ ಧೈರ್ಯವೇ ಇರಲಿಲ್ಲ.

ಅವಳಿಗೆ ಅದೇ ದೇಶದ ದೂರದ ದಕ್ಷಿಣದ ರಾಜ್ಯವೊಂದರಲ್ಲಿ ಕಾಲೇಜು ಸೀಟು ಸಿಕ್ಕಿತ್ತು. ಅಲ್ಲಿ ಸೊರಾರಿಟಿ ಸೇರಬೇಕು ಅನ್ನೋದು ಅವಳ ಹಟ. ಅಂದರೆ ಕಾಲೇಜು ಹುಡುಗಿಯರದೇ ಒಂದು ಕೂಟ. ಒಂದೇ ಮನೆಯಲ್ಲಿ ವಾಸ, ಜೀವನಪೂರ್ತಿ ಅಕ್ಕತಂಗಿಯರು. ಅವಳು ಮೆಚ್ಚಿದ ಕೂಟಕ್ಕೆ ಹಳೆಯ ಸದಸ್ಯೆಯೊಬ್ಬರ ಶಿಫಾರಸು ಪತ್ರ ಬೇಕು. ಇಲ್ಲದಿದ್ದರೆ ಮೊದಲ ಸುತ್ತಿನಲ್ಲೇ ಹೊರಗೆ.

"ಅಲ್ಲಿ ನಂಗೆ ಯಾರೂ ಗೊತ್ತಿಲ್ಲ ಅಪ್ಪ. ಐ ಡೋಂಟ್ ವಾಂಟ್ ಟು ಬಿ ಅಲೋನ್," ಅಂದಿದ್ದಳು.

ಶಿಫಾರಸು ಶ್ರೀನಿವಾಸನಿಗೆ ಹೊಸದೇ? ಊರಲ್ಲಿ ಹಾಸ್ಟೆಲ್ ರೂಮಿಗೂ ಶಾಸಕರ ಪತ್ರ ತಂದಿದ್ದವನು. ಗಿರಾಕಿಗಳನ್ನೆಲ್ಲ ವಿಚಾರಿಸಿ, ಅಂಗಡಿಗೆ ಬರುತ್ತಿದ್ದ, ಹತ್ತಿರದ ಸರಟೋಗಾ ಊರಿನ ಡಾಕ್ಟರ್ ನಿಹಾರಿಕಾ ಅದೇ ಕೂಟದವರು ಅಂತ ಪತ್ತೆಹಚ್ಚಿದ. ಅವರು ಒಪ್ಪಿ, "ಅವಳ ಬಗ್ಗೆ ಒಂದು ಪುಟ ವಿವರ, ಒಂದು ಫೋಟೋ ಕಳಿಸಿ ಅಂಕಲ್," ಅಂದರು.

ಹುಡುಗಿಯ ವಿವರ, ಜೊತೆಗೊಂದು ಫೋಟೋ. ಶ್ರೀನಿವಾಸನಿಗೆ ಗೊತ್ತಿದ್ದದ್ದು ಒಂದೇ ಬಗೆ. ಮಗಳನ್ನು ಕೇಳದೆ ತಾನೇ ಟೈಪ್ ಮಾಡಿದ: ರೋಹಿಣಿ ನಕ್ಷತ್ರ, ಎಣ್ಣೆಗೆಂಪು ಬಣ್ಣ, ಅಡುಗೆ ಬಲ್ಲಳು, ಹಿರಿಯರಿಗೆ ಎದುರು ಮಾತಾಡುವವಳಲ್ಲ. ಫೋಟೋ ರೇಷ್ಮೆ ಸೀರೆಯದು. ಕಳಿಸಿದ ಮೇಲೆ ಹೆಮ್ಮೆಯಿಂದ ತೋರಿಸಿದ.

ನಿಸರ್ಗಾ ತಲೆ ಮೇಲೆ ಕೈಹೊತ್ತಳು. "ಅಪ್ಪ! ನೀನು ನನ್ನ ಮದ್ವೆಗೆ ಅಪ್ಲೈ ಮಾಡಿದೀಯ!"

ಆಮೇಲೆ ನಿಹಾರಿಕಾರಿಂದ ಸದ್ದಿಲ್ಲ. ಪತ್ರ ತಲುಪಲು ಶುಕ್ರವಾರ ಕೊನೆಯ ದಿನ. ಮತ್ತೆ ಫೋನ್ ಮಾಡಿದರೆ ಪೀಡಿಸಿದ ಹಾಗೆ, ಸುಮ್ಮನಿದ್ದರೆ ಅವರು ಮರೆತೇಬಿಟ್ಟಾರು. ಶ್ರೀನಿವಾಸ ಜೀರಿಗೆ ಡಬ್ಬಿಗೆ ಸೋಂಪು ಸುರಿದ. ಮಗಳು ಊಟದ ತಟ್ಟೆ ಬಿಟ್ಟೇಳುವುದನ್ನು ನೋಡಿಯೂ ನೋಡದಂತಿದ್ದ.

ಗುರುವಾರ ಸಂಜೆ ನಿಹಾರಿಕಾ ತಾವೇ ಅಂಗಡಿಗೆ ಬಂದರು. ನಿಸರ್ಗಾ ಗಲ್ಲಾದಲ್ಲಿದ್ದಳು.

"ಅಂಕಲ್, ನೀವು ಕಳಿಸಿದ್ದು ಓದಿ ನಮ್ಮಮ್ಮ ಗಂಡು ಹುಡುಕೋಕೇ ಶುರು ಮಾಡಿದ್ರು. ಎದುರು ಮಾತಾಡಲ್ವಂತೆ! ಹೋದ ಸಲ ನಾನು ಫ್ರೋಜನ್ ಅವರೆಬೇಳೆ ತಗೊಂಡಾಗ ಇವಳು ಏನಂದ್ಲು, ನೆನಪಿದೆಯಾ?"

ಶ್ರೀನಿವಾಸನಿಗೆ ಚೆನ್ನಾಗಿ ನೆನಪಿತ್ತು. "ಆಂಟಿ, ಅದು ಹಳೇ ಸ್ಟಾಕು, ಬೇಡ," ಅಂತ ಅವನೆದುರೇ ಅಂದಿದ್ದಳು. ಮನೆಗೆ ಹೋದ ಮೇಲೆ ಬೈಗುಳ ತಿಂದಿದ್ದಳು.

"ಶಿಫಾರಸಿನಲ್ಲಿ ಅದನ್ನೇ ಬರೆದು ಈಗಷ್ಟೇ ಕಳಿಸಿದೆ. ಅಪ್ಪ ಪಕ್ಕದಲ್ಲೇ ನಿಂತಿದ್ರೂ ನಿಜ ಹೇಳೋ ಹುಡುಗಿ ಅಂತ."

ನಿಸರ್ಗಾ ಓಡಿಬಂದು ಅವರನ್ನು ತಬ್ಬಿಕೊಂಡಳು. ಶ್ರೀನಿವಾಸನ ಎದೆಯ ಭಾರ ಇಳಿಯಿತು. ಮರುಕ್ಷಣವೇ ಅವನ ಕಣ್ಣು ಫ್ರೀಜರ್ ಕಡೆ ಹೋಯಿತು.

"ಡಾಕ್ಟ್ರಮ್ಮ, ಅದ್ರಲ್ಲಿ ಅಂಗಡಿ ಹೆಸರು ಹಾಕಿಲ್ಲ ತಾನೇ?"

ನಿಹಾರಿಕಾ ಫ್ರೀಜರ್ ತೆರೆದು, ಅವರೆಬೇಳೆ ಪ್ಯಾಕೆಟ್ಟೊಂದನ್ನು ಎತ್ತಿ ನಿಸರ್ಗಾಳ ಕಡೆ ನೋಡಿದರು.

ನಿಸರ್ಗಾ ಒಮ್ಮೆ ಅಪ್ಪನ ಮುಖ ನೋಡಿದಳು. ಆಮೇಲೆ ಬೇಡವೆಂದು ತಲೆಯಾಡಿಸಿದಳು.