ಕೆನೆ ಬಣ್ಣದ ಏಳು ಉಂಡೆ

ನಮ್ಮತ್ತೆಯ ಕಿವಿಗೆ ಬಿದ್ದ ಮಾತು ಬೀದಿಯ ಆ ತುದಿ ಮುಟ್ಟಲು ಎಷ್ಟು ಹೊತ್ತು ಬೇಕು ಎಂದು ಪಕ್ಕದ ಚಪ್ಪಲಿ ಅಂಗಡಿಯವರು ಒಮ್ಮೆ ನೋಡಹೊರಟು ಸೋತರಂತೆ. ಅವರು ಗಡಿಯಾರದ ಕಡೆ ತಿರುಗುವಷ್ಟರಲ್ಲಿ ಮಾತು ಹೋಗಿ ವಾಪಸ್ಸೂ ಬಂದಿತ್ತು, ಅದೂ ಕೈಕಾಲು ಮೂಡಿಸಿಕೊಂಡು. ಬೀದಿಯವರು ಅವಳಿಗಿಟ್ಟ ಹೆಸರು ಡಂಗುರ. ಎದುರಿಗೆ ಯಾರೂ ಹಾಗೆ ಕರೆಯುವುದಿಲ್ಲ, ಆದರೂ ಅತ್ತೆಗೆ ಗೊತ್ತು. ಅವಳಿಗೆ ಗೊತ್ತಿಲ್ಲದ್ದು ಆ ಬೀದಿಯಲ್ಲಿ ಏನಿದೆ ಹೇಳಿ.

ಅತ್ತೆಯದು ಉಣ್ಣೆ ಅಂಗಡಿ. ಉದ್ದಕ್ಕೆ ಓಣಿಯಂಥ ಒಂದೇ ಕೋಣೆ. ಎರಡೂ ಗೋಡೆಗೆ ನೆಲದಿಂದ ಸೂರಿನವರೆಗೆ ಮರದ ಗೂಡುಗಳು, ಗೂಡಿನ ತುಂಬ ಉಣ್ಣೆಯ ಉಂಡೆಗಳು. ಒಂದೇ ಸಲ ಬಣ್ಣಕ್ಕೆ ಅದ್ದಿ ತೆಗೆದ ಉಣ್ಣೆಯೆಲ್ಲ ಒಂದು ಲಾಟ್. ಮುಂದಿನ ಲಾಟ್ ಅದೇ ಬಣ್ಣ ಎಂದು ಕಂಪನಿ ಆಣೆ ಇಟ್ಟರೂ ಹೆಣೆದ ಮೇಲೆ ತೋಳು ಒಂದು ಬಣ್ಣ, ಬೆನ್ನು ಒಂದು ಬಣ್ಣ. ಅದಕ್ಕೇ ಅತ್ತೆಯದೊಂದು ಪದ್ಧತಿ: ಯಾರಾದರೂ ಹೊಸ ಹೆಣಿಗೆಗೆ ಎರಡು ಉಂಡೆ ಒಯ್ದರೆ ಆ ಲಾಟಿನ ಉಳಿದ ಉಂಡೆಗಳನ್ನು ಅವರ ಕೆಲಸ ಮುಗಿಯುವವರೆಗೆ ಎತ್ತಿಡುತ್ತಾಳೆ. ಮುಂಗಡ ಕೇಳುವುದಿಲ್ಲ. ಬದಲಿಗೆ ಯಾರಿಗೆ ಹೆಣೀತಿದ್ದೀರಿ, ಅವರು ನಿಮಗೇನಾಗಬೇಕು, ಅವರಿಗೂ ಅವರ ಅಣ್ಣನಿಗೂ ಈಗ ಮಾತುಕತೆ ಇದೆಯಾ ಎಂದು ಕೇಳುತ್ತಾಳೆ.

ಇಂಥ ಅತ್ತೆಯ ಹತ್ತಿರ ಅವಳ ಒಬ್ಬಳೇ ಮಗಳು ಏನನ್ನೂ ಹೇಳುವುದಿಲ್ಲ.

ಮೊದಲು ಹಾಗಿರಲಿಲ್ಲ. ಕೆಲವು ವರ್ಷಗಳ ಹಿಂದೆ, ಮದುವೆಯಾಗಿ ಬೇರೆ ಊರಿನಲ್ಲಿದ್ದ ಮಗಳು ಬಸುರಿಯೆಂದು ಫೋನು ಬಂದ ದಿನ, ಅತ್ತೆ ಅಂಗಡಿ ತೆರೆದಿಟ್ಟೇ ಬೀದಿಯೆಲ್ಲ ಸುತ್ತಿ ಬಂದಿದ್ದಳು. ಆ ಮಗು ಉಳಿಯಲಿಲ್ಲ. ಸುಧಾರಿಸಿಕೊಳ್ಳಲೆಂದು ಮಗಳು ತವರಿಗೆ ಬಂದಾಗ ಸಿಕ್ಕಿದವರೆಲ್ಲ ನಗುನಗುತ್ತ "ಈಗ ಎಷ್ಟು ತಿಂಗಳಮ್ಮಾ?" ಎಂದು ಕೇಳಿದರು. ಅವರಿಗೆ ಮೊದಲ ಸುದ್ದಿ ಮುಟ್ಟಿತ್ತು, ಎರಡನೆಯದನ್ನು ಸಾರಲು ಅತ್ತೆಗೆ ಬಾಯಿ ಬಂದಿರಲಿಲ್ಲ. ಒಬ್ಬೊಬ್ಬರಿಗೂ ಮಗಳೇ ನಿಂತು ಹೇಳಬೇಕಾಯಿತು. ಹೊರಡುವಾಗ ಅವಳು "ಇನ್ಮೇಲೆ ನಿನ್ಹತ್ರ ಏನೂ ಹೇಳಲ್ಲಮ್ಮ" ಎಂದಳು. ಜಗಳವಾಡಿದ್ದರೆ ಅತ್ತೆ ತಡೆದುಕೊಳ್ಳುತ್ತಿದ್ದಳು. ಮಗಳು ಮೆಲ್ಲಗೆ ಹೇಳಿದಳು. ಆಮೇಲೆ ವಾರಕ್ಕೊಮ್ಮೆ ಫೋನು ಬರುತ್ತದೆ. ಊಟ ಆಯ್ತಾ, ಅಲ್ಲಿ ಮಳೆ ಇದೆಯಾ, ಸರಿ ಇಡ್ತೀನಿ. ಅತ್ತೆ ಫೋನನ್ನು ಸೆರಗಿನಿಂದ ಒರೆಸಿ ಗೂಡಿನಲ್ಲಿಡುತ್ತಾಳೆ.

ನಾನು ಅತ್ತೆಯ ಅಣ್ಣನ ಮಗಳು. ಅಂಗಡಿಗೆ ವೆಬ್‌ಸೈಟ್ ಮಾಡಿಕೊಟ್ಟವಳು ನಾನೇ. ಅದಕ್ಕೆ ಬಂದವರ ಖಾಸಗಿ ಮಾಹಿತಿಯನ್ನು ಏನು ಮಾಡುತ್ತೇವೆ ಎಂದು ಬರೆದು ಹಾಕುವ ಪುಟವೊಂದು ಬೇಕಿತ್ತು. ಬೇರೆ ಕಡೆಯಿಂದ ನಕಲು ಮಾಡಬಹುದಿತ್ತು, ಆದರೆ ಅತ್ತೆಯ ಬಾಯಿಂದಲೇ ಬರಲಿ ಎಂಬ ಕೆಟ್ಟ ಆಸೆ ನನಗೆ. ಲ್ಯಾಪ್‌ಟಾಪ್ ಹಿಡಿದು ಗಲ್ಲಾಪೆಟ್ಟಿಗೆಯ ಪಕ್ಕ ಕೂತೆ.

"ಅತ್ತೆ, ಬಂದವರ ಕಂಪ್ಯೂಟರಿನಲ್ಲಿ ಸೈಟು ಒಂದು ಸಣ್ಣ ಗುರುತು ಬಿಡುತ್ತೆ. ಮತ್ತೆ ಬಂದ್ರೆ ಇವರೇ ಅವರು ಅಂತ ಗೊತ್ತಾಗೋಕೆ. ಅದಕ್ಕೆ ಅವರ ಒಪ್ಪಿಗೆ ಕೇಳ್ಬೇಕು."

"ಗುರುತು ಹಿಡಿಯೋಕೆ ಒಪ್ಪಿಗೆ ಯಾಕೆ? ನಾನು ನಡಿಗೆ ನೋಡಿಯೇ ಹೇಳ್ತೀನಿ."

"ಹೆಸರು, ವಿಳಾಸ, ಫೋನ್ ನಂಬರ್ ಎಲ್ಲ ನಮ್ಮ ಹತ್ರ ಇರುತ್ತೆ. ಅದನ್ನ ಬೇರೆಯವರಿಗೆ ಹೇಳ್ತೀವಾ?"

ಅತ್ತೆಯ ಕೈಯಲ್ಲಿ ಹೆಣಿಗೆ ಕಡ್ಡಿಗಳು ನಿಂತವು. ಬಾಗಿಲಿಗೆ ಒರಗಿ ನಿಂತಿದ್ದ ಚಪ್ಪಲಿ ಅಂಗಡಿಯವರು ಬಿದ್ದು ಬಿದ್ದು ನಕ್ಕರು. ಅವರ ನಗು ಕೇಳಿದ್ದೇ ತಡ, ಅತ್ತೆಗೆ ರೋಷ ಉಕ್ಕಿತು.

"ಬರ್ಕೋ," ಎಂದಳು. ನಾನು ಬರೆದುಕೊಂಡೆ: ಯಾರು ಬಂದರು, ಏನು ನೋಡಿದರು, ಏನು ಕೊಂಡರು, ಏನು ಕೊಳ್ಳದೆ ಹೋದರು ಎಂಬುದನ್ನು ಈ ಅಂಗಡಿ ಯಾರಿಗೂ ಹೇಳುವುದಿಲ್ಲ. ಕೇಳಿದರೂ ಹೇಳುವುದಿಲ್ಲ. ಕೊಳ್ಳದೆ ಹೋದವರ ವಿವರವನ್ನು ಇಟ್ಟುಕೊಳ್ಳುವುದೂ ಇಲ್ಲ.

"ಕೇಳಿದರೂ" ಎನ್ನುವಾಗ ಅವಳು ಬಾಗಿಲ ಕಡೆ ನೋಡಿದ್ದಳು. ಆ ಮಾತು ಒಂದು ವಾರ ಉಳಿದರೆ ಹೆಚ್ಚು ಎಂದು ಚಪ್ಪಲಿ ಅಂಗಡಿಯವರೂ ನಾನೂ ಒಮ್ಮತಕ್ಕೆ ಬಂದೆವು.

ಚಳಿ ಶುರುವಾಗುವ ಹೊತ್ತಿಗೆ ಅತ್ತೆಯ ಫೋನು ಬಂತು. "ಸೈಟು ಕೆಟ್ಟಿದೆ. ಬೇಗ ಬಾ."

ಸೈಟು ಕೆಟ್ಟಿರಲಿಲ್ಲ. ಅಂಗಡಿಯವರಿಗೆ ಮಾತ್ರ ಕಾಣುವ ಪುಟ ತೆರೆದಿತ್ತು. ಯಾರೋ ಕೆನೆ ಬಣ್ಣದ ಉಣ್ಣೆಯನ್ನು ಬುಟ್ಟಿಗೆ ಹಾಕಿ, ವಿವರ ತುಂಬುತ್ತ ಅರ್ಧಕ್ಕೇ ಬಿಟ್ಟು ಹೋಗಿದ್ದರು. ಕೊನೆಯ ಗುಂಡಿ ಒತ್ತದಿದ್ದರೆ ಏನೂ ಹೋಗುವುದಿಲ್ಲ ಎಂದೇ ಎಲ್ಲರೂ ತಿಳಿದಿರುತ್ತಾರೆ. ಆದರೆ ತುಂಬಿದಷ್ಟನ್ನು ನಮ್ಮ ಸೈಟು ಆಗಿಂದಾಗಲೇ ನುಂಗಿರುತ್ತದೆ. ಹೆಸರು ಅತ್ತೆಯ ಅಳಿಯನದು. ವಿಳಾಸ ಅಳಿಯನ ಆಫೀಸಿನದು. ಫೋನ್ ನಂಬರು ಮಾತ್ರ ಮಗಳದು. ಪಾಪ, ಗುಟ್ಟು ಮಾಡಿ ಅಭ್ಯಾಸವಿಲ್ಲದ ಹುಡುಗಿ.

ಆ ಉಣ್ಣೆ ಎಳೆಗೂಸುಗಳಿಗೆಂದೇ ಬರುವುದು. ಮೈಗೆ ಚುಚ್ಚುವುದಿಲ್ಲ. ಸುತ್ತಲಿನ ಊರುಗಳಲ್ಲಿ ಅದನ್ನು ತರಿಸುವವಳು ಅತ್ತೆ ಒಬ್ಬಳೇ, ಅದು ಮಗಳಿಗೂ ಗೊತ್ತು.

ಅತ್ತೆಯ ಕಣ್ಣು ತುಂಬಿತ್ತು. ಬಾಯಿ ತೆರೆದಿತ್ತು. ಆ ಬಾಯಿ ಬಾಗಿಲ ಕಡೆಗೆ ತಿರುಗುವುದನ್ನು ಕಂಡು ನನಗೆ ನಿಜವಾಗಿ ಭಯವಾಯಿತು. ಇನ್ನೊಂದು ಸಲ ಬೀದಿಗೆ ಸುದ್ದಿ ಹೋದರೆ ವಾರಕ್ಕೊಮ್ಮೆಯ ಆ ಫೋನೂ ನಿಲ್ಲುತ್ತದೆ ಎಂದು ನನಗೆ ಗೊತ್ತಿತ್ತು. ಅವಳಿಗೂ ಗೊತ್ತಿತ್ತು. ಇದು ಸಾಲದೆಂಬಂತೆ ಪರದೆಯ ಮೇಲೆ ಒಂದು ಹಸಿರು ಗುಂಡಿ ಮಿನುಗುತ್ತಿತ್ತು: ಗ್ರಾಹಕರಿಗೆ ಸಂದೇಶ ಕಳಿಸಲೇ? 'ನಿಮ್ಮ ಬುಟ್ಟಿ ನಿಮಗಾಗಿ ಕಾಯುತ್ತಿದೆ.'

ಅತ್ತೆಯ ಬೆರಳು ಹಸಿರು ಗುಂಡಿಯ ತನಕ ಹೋಯಿತು.

"ನಾವು ಏನಂತ ಬರ್ದಿದ್ವಿ?" ಎಂದು ಕೇಳಿದಳು.

"ಕೊಳ್ಳದೆ ಹೋದವರ ವಿವರ ಇಟ್ಕೊಳ್ಳಲ್ಲ ಅಂತ."

"ಹಾಗಾದ್ರೆ ಯಾಕಿದೆ ಇದು? ಅಳಿಸು." ನಾನು ಅಳಿಸಿದೆ, ಇನ್ನು ಮುಂದೆ ಇಂಥವು ಉಳಿಯದ ಹಾಗೂ ಮಾಡಿದೆ. ನನ್ನದೇ ತಪ್ಪು, ಅತ್ತೆ ಆ ಬಗ್ಗೆ ಒಂದು ಮಾತೂ ಆಡಲಿಲ್ಲ. ಸೈಟಿನಿಂದ ಅಳಿಸಿದ್ದಾಯಿತು. ಅವಳ ತಲೆಯಿಂದ ಅಳಿಸುವ ಗುಂಡಿ ಎಲ್ಲಿಂದ ತರಲಿ?

ಆಮೇಲಿನ ಅತ್ತೆಯನ್ನು ನೀವು ನೋಡಬೇಕಿತ್ತು. ಗಿರಾಕಿಗಳು ಬಂದರೆ ತುಟಿ ಬಿಗಿಹಿಡಿದು ಉಂಡೆ ಕೊಡುತ್ತಿದ್ದಳು. ಏನಾದರೂ ಹೇಳಿಬಿಟ್ಟೇನು ಎಂಬ ಹೆದರಿಕೆಯಲ್ಲಿ ಏನನ್ನೂ ಕೇಳುವುದನ್ನೇ ಬಿಟ್ಟಳು. ಬೀದಿ ಕಂಗಾಲಾಯಿತು. ಹಲ್ಲು ನೋವೇ ಎಂದು ಚಪ್ಪಲಿ ಅಂಗಡಿಯವರು ಲವಂಗದ ಎಣ್ಣೆ ತಂದುಕೊಟ್ಟರು. ಬೇಡವೆಂದರೆ ಕಾರಣ ಹೇಳಬೇಕಲ್ಲ, ಹಚ್ಚಿಕೊಂಡಳು.

ಕೆನೆ ಬಣ್ಣದ ಆ ಲಾಟಿನಲ್ಲಿ ಉಳಿದದ್ದು ಏಳು ಉಂಡೆ. ಅತ್ತೆ ಅವನ್ನು ತನ್ನ ಕುರ್ಚಿಯ ಹಿಂದಿನ ಗೂಡಿಗೆ ಸಾಗಿಸಿ ಮುಂದೆ ಪರದೆ ಎಳೆದಳು. ಕೇಳಿದವರಿಗೆಲ್ಲ ಒಂದೇ ಉತ್ತರ: ಮುಗಿದಿದೆ.

"ಸೈಟಿನಲ್ಲಿ ಏಳು ಅಂತಲೇ ಇದೆ, ತೆಗೀಲಾ?" ಎಂದೆ.

"ತೆಗೆದ್ರೆ ನೋಡು ಮತ್ತೆ! ಅವಳು ಬಂದು ನೋಡಿದಾಗ ಖಾಲಿ ಅಂತ ಕಂಡ್ರೆ?"

ಹೀಗಾಗಿ ಸೈಟಿನಲ್ಲಿ ಯಾರಾದರೂ ಅದನ್ನು ಕೇಳಿದರೆ ಅತ್ತೆಯೇ ಅವರಿಗೆ ಫೋನು ಮಾಡಿ, ತಿಳಿಹಳದಿಯ ಮುಂದೆ ಕೆನೆ ಏನು ಮಹಾ ಎಂದು ಅರ್ಧ ಗಂಟೆ ತಲೆ ತಿಂದು ಮನಸ್ಸು ತಿರುಗಿಸುತ್ತಿದ್ದಳು. ಚಳಿ ಏರಿತು, ಗೂಡುಗಳೆಲ್ಲ ಬರಿದಾದವು, ಕೆನೆ ಬಣ್ಣ ಮಾತ್ರ ಏಳಕ್ಕೆ ಏಳೂ ಇತ್ತು. ವಾರದ ಫೋನಿನಲ್ಲಿ ಊಟ ಆಯಿತು, ಮಳೆ ಆಯಿತು. ಅತ್ತೆ ಏನೂ ಕೇಳಲಿಲ್ಲ. ಫೋನಿಟ್ಟ ಮೇಲೆ ಒಂದು ಲೋಟ ನೀರು ಗಟಗಟ ಕುಡಿಯುತ್ತಿದ್ದಳು.

ಒಂದು ಮಧ್ಯಾಹ್ನ ನಾನು ಏಣಿಯ ಮೇಲೆ ನಿಂತು ಹೊಸ ಉಣ್ಣೆ ಜೋಡಿಸುತ್ತಿದ್ದೆ. ಅತ್ತೆ ತಲೆ ಬಗ್ಗಿಸಿ ಹೆಣಿಗೆಯ ಕಣ್ಣು ಎಣಿಸುತ್ತಿದ್ದಳು. ಬಾಗಿಲಲ್ಲಿ ಯಾರೋ ನಿಂತರು.

"ಕೆನೆ ಬಣ್ಣದ ಮಗು ಉಣ್ಣೆ ಇದೆಯಾ?"

"ಮುಗಿದಿದೆ," ಎಂದಳು ಅತ್ತೆ, ತಲೆ ಎತ್ತದೆ.

"ಸೈಟಿನಲ್ಲಿ ಏಳು ಉಂಡೆ ಅಂತಿದೆಯಲ್ಲಮ್ಮ."

ಅತ್ತೆಯ ಎಣಿಕೆ ತಪ್ಪಿತು. ಮಗಳು ದೊಡ್ಡ ಕೋಟು ತೊಟ್ಟು, ಚೀಲ ಹಿಡಿದು ಹೊಸ್ತಿಲಲ್ಲಿ ನಿಂತಿದ್ದಳು.

"ಇದೆ," ಎಂದಳು ಅತ್ತೆ. "ಆದ್ರೆ ಅದನ್ನ ಎತ್ತಿಟ್ಟಿದೀನಿ."

"ಯಾರಿಗೆ?"

"ಅದನ್ನ ಹೇಳೋ ಹಾಗಿಲ್ಲ. ಗಿರಾಕಿ ವಿಷಯ."

ನಾನು ಏಣಿಯನ್ನು ಬಿಗಿಯಾಗಿ ಹಿಡಿದುಕೊಂಡೆ. ಮಗಳು ನಗಲು ಹೋಗಿ ಅತ್ತುಬಿಟ್ಟಳು. "ದಿನಾ ನೋಡ್ತಿದ್ದೆ ಅಮ್ಮಾ. ಫೋನ್ ನಂಬರ್ ಹಾಕಿದ್ಮೇಲೆ ನಿನಗೆ ಕಾಣುತ್ತೇನೋ ಅಂತ ಹೆದರಿ ಹಾಗೇ ಬಿಟ್ಟೆ. ಇನ್ನೇನು ಬೀದಿಯವರ ಫೋನು ಶುರುವಾಗುತ್ತೆ ಅಂತ ಕಾದೆ. ಒಂದೂ ಬರಲಿಲ್ಲ. ಇಷ್ಟು ಚಳೀಲಿ ಆ ಏಳು ಉಂಡೆ ಏಳಾಗೇ ಇತ್ತು. ಆಗಲೇ ಗೊತ್ತಾಯ್ತು, ನಿನಗೆ ಗೊತ್ತು ಅಂತ."

ಗುಟ್ಟು ಕಾಯಲು ಹೋಗಿ ಅತ್ತೆ ಅದನ್ನು ಸೈಟಿನಲ್ಲೇ ಎಲ್ಲರಿಗೂ ಕಾಣುವ ಹಾಗೆ ಇಟ್ಟಿದ್ದಳು, ಓದಬೇಕಾದವಳು ಓದಿಕೊಂಡಿದ್ದಳು. ಅತ್ತೆ ಪರದೆ ಸರಿಸಿ ಉಂಡೆಗಳನ್ನು ಒಂದೊಂದಾಗಿ ಮಗಳ ಕೋಟಿನ ಮಡಿಲಿಗೆ ಹಾಕಿದಳು.

ವಾಸನೆ ಹಿಡಿದವರಂತೆ ಚಪ್ಪಲಿ ಅಂಗಡಿಯವರು ಇಣುಕಿದರು. "ಓಹೋ, ಮಗಳು ಬಂದಿದ್ದಾಳೆ! ಏನಮ್ಮಾ ಇದ್ದಕ್ಕಿದ್ದ ಹಾಗೆ?"

ಮಗಳು ಅತ್ತೆಯ ಮುಖವನ್ನೇ ನೋಡಿದಳು.

"ಉಣ್ಣೆ ತಗೊಳ್ಳೋಕೆ ಬಂದಿದ್ದಾಳೆ," ಎಂದು ಅತ್ತೆ ಬಾಗಿಲನ್ನು ಮೆಲ್ಲಗೆ ಮುಂದೆ ಮಾಡಿದಳು.

ಮಗಳು ಕೋಟು ಬಿಚ್ಚಿ, ಸ್ಟೂಲು ಎಳೆದುಕೊಂಡು ಅಮ್ಮನ ಪಕ್ಕ ಕೂತಳು. "ಎಷ್ಟು ತಿಂಗಳು ಅಂತ ಕೇಳಲ್ವಾ?"

"ನೀನಾಗಿ ಹೇಳಿದ್ರೆ ಕೇಳ್ತೀನಿ."

ಮಗಳು ಹೇಳಿದಳು. ಎಷ್ಟು ಎಂದು ನನ್ನನ್ನು ಕೇಳಬೇಡಿ.