ಕೃತ್ತಿಕೆಯ ಆರನೆಯ ಚುಕ್ಕಿ

ನವೆಂಬರ್, ಶನಿವಾರ. ಪರದೇಶದಲ್ಲಿ ನಾವು ನೆಲೆಸಿರುವ ಸ್ಟಾಕ್‌ಪೋರ್ಟ್‌ನ ಗ್ರಂಥಾಲಯದಲ್ಲಿ ಮಕ್ಕಳಿಗೆ ಆಕಾಶದ ಚಿತ್ರಗಳನ್ನು ತೋರಿಸುತ್ತಿದ್ದರು. ಪರದೆಯ ಮೇಲೆ ನೀಲಿ ಮಂಜು ಸುತ್ತಿಕೊಂಡ ಕೃತ್ತಿಕಾ ನಕ್ಷತ್ರ ಬಂದಾಗ ನಾನು ಮನಸ್ಸಿನಲ್ಲೇ ಬಾಲ್ಯದ ಧಾರವಾಡದ ನಮ್ಮ ಮಾಳಿಗೆಯ ಮೇಲಿದ್ದೆ.

ಊಟವಾದ ಮೇಲೆ ಅಜ್ಜಿ ಅಲ್ಲಿ ಮೊಮ್ಮಕ್ಕಳ ಕಣ್ಣು ಪರೀಕ್ಷಿಸುತ್ತಿದ್ದಳು. ಕೃತ್ತಿಕೆಯಲ್ಲಿ ಆರು ಚುಕ್ಕಿ ಎಣಿಸಿದವರು ಪಾಸು. ಅಣ್ಣ ಎಣಿಸಿದ್ದ, ನನಗೆ ಕಂಡದ್ದು ಐದೇ.

"ಅಜ್ಜೀ, ಈಕಿಗೆ ಚಸ್ಮಾ ಕೊಡಸು!" ಎಂದು ಅವನು ಕೂಗಿದ. ನನಗೆ ಅಳು ಬಂತು.

"ಅವನ ಮಾತು ಬಿಡವಾ. ಹಂಗ ದಿಟ್ಟಿಸಿ ನೋಡಬ್ಯಾಡ, ಸ್ವಲ್ಪ ಬಾಜೂಕ ನೋಡು," ಎಂದು ಅಜ್ಜಿ ಶೇಂಗಾ ಹುರಿದ ವಾಸನೆಯ ಕೈಯಿಂದ ನನ್ನ ಗದ್ದ ತಿರುಗಿಸಿದಳು. ಓರೆಗಣ್ಣಿಗೆ ಆರನೆಯದು ಮೆಲ್ಲಗೆ ಮೂಡಿತು.

"ಅಮ್ಮಾ, ಸ್ಕ್ರೀನ್ ಈಸ್ ಬೆಟರ್. ಔಟ್‌ಸೈಡ್ ಇಟ್ಸ್ ಜಸ್ಟ್ ಡಾಟ್ಸ್," ಎಂದಳು ಗ್ರಂಥಾಲಯದಲ್ಲಿ ನನ್ನ ಪಕ್ಕ ಕೂತಿದ್ದ ಮಗಳು.

ಮೋಡವಿಲ್ಲದ ಮೊದಲ ಸಂಜೆ ಅವಳನ್ನು ಊರಾಚೆಯ ಗುಡ್ಡಕ್ಕೆ ಕರೆದೊಯ್ಯುತ್ತೇನೆ. ಎಷ್ಟು ಚುಕ್ಕಿ ಕಾಣಬೇಕೆಂದು ಮಾತ್ರ ಹೇಳುವುದಿಲ್ಲ.