ಆರನೆಯ ಚುಕ್ಕಿ

ನಾನು ಯಾರನ್ನೂ ಸುಲಭಕ್ಕೆ ನಂಬುವವನಲ್ಲ. ಶಿಗ್ಗಾಂವದಲ್ಲಿ ಬಸ್ ಸ್ಟ್ಯಾಂಡಿನ ಹಿಂದೆ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟುಕೊಂಡು ಕುಳಿತವನ ನಂಬಿಕೆ ದಿನಕ್ಕಿಷ್ಟು ಸವೆಯುತ್ತದೆ. "ಏನೂ ಮಾಡಿಲ್ರಿ, ತಾನ ಬಂದ್ ಬಿತ್ತು" ಎಂದು ತಂದಿಟ್ಟ ಕಂಪ್ಯೂಟರನ್ನು ಬಗ್ಗಿಸಿದರೆ ಒಳಗಿಂದ ಚಹಾ ಸೋರುತ್ತದೆ. ಹೀಗಾಗಿ ಯಂತ್ರ ಕೆಟ್ಟಿತೆಂದರೆ ನಾನು ಮೊದಲು ಮನುಷ್ಯನ ಮೇಲೆ ಸಂಶಯಪಡುತ್ತೇನೆ, ಆಮೇಲೆ ತಂತಿಯ ಮೇಲೆ, ಅದಾದ ಮೇಲೆ ಯಂತ್ರದ ಮೇಲೆ. ನಾನೇ ಬರೆದ ಪ್ರೋಗ್ರಾಮಿನ ಸರದಿ ಎಲ್ಲಕ್ಕಿಂತ ಕೊನೆಗೆ. "ನಿಮ್ಮದು ತಲಿ ಅಲ್ಲ, ಪೊಲೀಸ್ ಠಾಣೆ" ಎನ್ನುತ್ತಾಳೆ ನನ್ನ ಹೆಂಡತಿ.

ಹೋದ ವರ್ಷ ಬೇಸಿಗೆ ಶುರುವಾಗುವ ಹೊತ್ತಿಗೆ ಹಾನಗಲ್ಲ ಕಡೆಯ ಒಂದು ಅಂಧ ಮಕ್ಕಳ ಶಾಲೆಯಿಂದ ಫೋನ್ ಬಂತು. ಅಲ್ಲಿ ಬ್ರೈಲ್ ಪುಸ್ತಕ ಅಚ್ಚು ಹಾಕುವ ಹಳೆಯ ಯಂತ್ರವೊಂದಿತ್ತು. ದಪ್ಪ ಕಾಗದದ ಮೇಲೆ ಸಣ್ಣ ಸಣ್ಣ ಮೊಳೆಗಳಿಂದ ಒತ್ತಿ ಚುಕ್ಕಿ ಎಬ್ಬಿಸುತ್ತಿತ್ತು. ಅದನ್ನು ನಡೆಸುತ್ತಿದ್ದ ಕಂಪ್ಯೂಟರ್ ಸತ್ತುಹೋಗಿ, ಶಾಲೆಯವರು ಹೊಸದನ್ನು ತಂದಿದ್ದರು. ಹೊಸದರ ಬೆನ್ನಲ್ಲಿ ಹಳೆಯ ಪ್ರಿಂಟರುಗಳಿಗೆ ಬೇಕಾದ ಆ ಅಗಲ ಬಾಯಿಯ ಪ್ಯಾರಲಲ್ ಪೋರ್ಟೇ ಇರಲಿಲ್ಲ. ಒಂದು ಕಾರ್ಡು ತರಿಸಿ ಕೂಡಿಸಿದೆ. ಆದರೂ ಕೆಲಸ ಆಗಲಿಲ್ಲ. ಪ್ರಿಂಟರಿನಿಂದ ಕಂಪ್ಯೂಟರಿಗೆ 'ಕಾಗದ ಮುಗಿದಿದೆ' ಎಂದು ಹೇಳಲು ಒಂದು ತಂತಿ ಇರುತ್ತದೆ. ಈ ಮುದಿ ಯಂತ್ರದಲ್ಲಿ ಆ ತಂತಿ ಯಾವಾಗಲೂ ಮುಗಿದಿದೆ ಎಂದೇ ಹೇಳುತ್ತಿತ್ತು. ಸಿದ್ಧವಾಗಿ ಸಿಗುವ ಡ್ರೈವರ್ ಅದನ್ನು ನಂಬಿ ಒಂದಕ್ಷರವನ್ನೂ ಕಳಿಸುತ್ತಿರಲಿಲ್ಲ. ಯಂತ್ರ ಮಾಡಿದ ಕಂಪನಿಯೂ ಈಗ ಇಲ್ಲ. ಡ್ರೈವರನ್ನು ನಾನೇ ಬರೆಯಬೇಕಾಯಿತು.

ಆಪರೇಟಿಂಗ್ ಸಿಸ್ಟಂ ಮತ್ತು ಯಂತ್ರದ ನಡುವೆ ನಿಂತು ಆ ಕಡೆಯ ಮಾತನ್ನು ಈ ಕಡೆಗೆ ಹೇಳುವ ಮಧ್ಯಸ್ಥನೇ ಡ್ರೈವರ್. ನನ್ನ ಸ್ವಭಾವಕ್ಕೆ ಹೇಳಿ ಮಾಡಿಸಿದ ಕೆಲಸ ಅದು. ಯಂತ್ರ ಬಿಡುವಾಗಿದ್ದೇನೆ ಎಂದರೂ ಇನ್ನೊಮ್ಮೆ ಕೇಳಬೇಕು, ತೆಗೆದುಕೊಂಡೆ ಎಂದರೂ ಖಾತ್ರಿ ಮಾಡಿಕೊಳ್ಳಬೇಕು. ಬ್ರೈಲಿನ ಒಂದು ಅಕ್ಷರಕ್ಕೆ ಆರು ಚುಕ್ಕಿಗಳ ಜಾಗ. ಈ ಯಂತ್ರಕ್ಕೆ ಅಕ್ಷರ ಗೊತ್ತಿಲ್ಲ, ಚುಕ್ಕಿ ಮಾತ್ರ ಗೊತ್ತು. ಒಂದೊಂದು ಚುಕ್ಕಿಗೆ ಒಂದೊಂದು ತಂತಿ. ಆರೂ ತಂತಿಗಳ ಮೇಲೆ ಇದೆ ಅಥವಾ ಇಲ್ಲ ಎಂದು ಇಟ್ಟು, ಇನ್ನೊಂದು ತಂತಿಯಿಂದ 'ಈಗ ತಗೋ' ಎಂದು ತಟ್ಟಿದರೆ ಅದು ಟಕ್ಕೆಂದು ಒತ್ತುತ್ತದೆ. ಯಂತ್ರವನ್ನು ಅಂಗಡಿಗೇ ಹೊತ್ತು ತರಿಸಿ, ಎದುರಿಗಿಟ್ಟುಕೊಂಡು ಬರೆದೆ. ಪುಟದ ಮೇಲೆ ಪುಟ ಸರಿಯಾಗಿ ಬಂದವು. ಆ ದಿನ ಮನೆಗೆ ಸವಣೂರಿನ ಖಾರಾ ಕಟ್ಟಿಸಿಕೊಂಡು ಹೋದೆ. ನನಗೆ ಅಷ್ಟು ಖುಷಿಯಾಗಿತ್ತು.

ಯಂತ್ರ ಹಾನಗಲ್ಲಿಗೆ ಮರಳಿತು. ಕೆಲವೇ ದಿನಗಳಲ್ಲಿ ಶಾಲೆಯ ಕಾರ್ಯದರ್ಶಿಯವರ ಫೋನು. ತಲೆಮಾರುಗಳಿಂದ ಕಾಳುಕಡಿ ವ್ಯಾಪಾರದ ಮನೆತನ ಅವರದು, ಮಾತಿನಲ್ಲಿ ಹುಷಾರಿ ಜಾಸ್ತಿ. "ಸರ, ನಿಮ್ಮ ಕೆಲಸಕ್ಕ ಹೆಸರಿಡಂಗಿಲ್ಲ. ಆದ್ರ ಅಕ್ಕಾರು ಚುಕ್ಕಿ ಬಿಟ್ಟಾವ ಅನ್ನಾಕತ್ತಾರ. ಒಮ್ಮಿ ಬಂದು ಹೋಗ್ರಿ" ಎಂದರು.

ಅಕ್ಕಾರು ಎಂದರೆ ಅಲ್ಲಿನ ಹಿರಿಯ ಶಿಕ್ಷಕಿ. ಚಿಕ್ಕೇರೂರಿನ ರೈತರ ಮನೆಯ ಮಗಳು, ಹುಟ್ಟುಕುರುಡಿ. ಅಚ್ಚಾದ ಪ್ರತಿ ಪುಟವನ್ನೂ ಬೆರಳಿನಿಂದ ಓದಿ ತಪ್ಪು ಹಿಡಿಯುವ ಕೆಲಸ ಅವರದು. ಅವರು ಒಪ್ಪದೆ ಒಂದು ಪುಸ್ತಕವೂ ಮಕ್ಕಳ ಕೈಗೆ ಹೋಗುತ್ತಿರಲಿಲ್ಲ. ನಾನು ಹೋದಾಗ ಬಲಗೈಯ ತೋರುಬೆರಳನ್ನು ಸಾಲಿನ ಮೇಲೆ ಓಡಿಸುತ್ತ ಕುಳಿತಿದ್ದರು. ಇನ್ನೊಬ್ಬ ಶಿಕ್ಷಕ ಮೂಲ ಪುಸ್ತಕವನ್ನು ಗಟ್ಟಿಯಾಗಿ ಓದುತ್ತಿದ್ದ. ತಪ್ಪು ಸಿಕ್ಕಿದಲ್ಲಿ ಅವರು ಹುಣಸೆಬೀಜವೊಂದನ್ನು ಇಟ್ಟು ಮುಂದೆ ಹೋಗುತ್ತಿದ್ದರು. ಪುಟದ ಮೇಲೆ ಸಾಕಷ್ಟು ಬೀಜಗಳು ಬಿದ್ದಿದ್ದವು.

"ಆರನೇದು ಬೀಳವಲ್ದು ಸರ. 'ವ' ಇರೂ ಕಡೆ 'ಲ' ಬರಾಕತ್ತೇತಿ" ಎಂದರು.

ಕುಣಿಯಲಾರದವಳಿಗೆ ನೆಲ ಡೊಂಕು ಎಂದುಕೊಂಡೆ ಮನಸ್ಸಿನಲ್ಲಿ. ಕಂಪ್ಯೂಟರಿನಲ್ಲಿದ್ದ ಪಾಠವನ್ನು ತೆಗೆದು ನೋಡಿದೆ. 'ವ' 'ವ'ವಾಗಿಯೇ ಇತ್ತು. ಡ್ರೈವರ್ ಕಳಿಸಿದ್ದನ್ನೂ ನೋಡಿದೆ, ಅದೂ ಸರಿ. ಕಾರ್ಯದರ್ಶಿಯವರು ನನ್ನನ್ನು ಹೊರಗೆ ಕರೆದು ಬೇವಿನ ಗಿಡದ ಕೆಳಗೆ ನಿಲ್ಲಿಸಿ ದನಿ ಇಳಿಸಿದರು.

"ಅವ್ರಿಗೆ ಶುಗರ್ ಐತ್ರಿ. ಭಾಳ ವರ್ಷ ಆತು. ಶುಗರ್‍ನ್ಯಾಗ ಬೆರಳಿಗೆ ಜೋಮು ಹಿಡೀತತಿ ಅಂತ ಡಾಕ್ಟರ್ ಅಂದಿದ್ರು. ಓದೂ ಕೆಲಸ ಬಿಡಿಸಿ ಹಾಸ್ಟೆಲಿನ ಉಸ್ತುವಾರಿ ಕೊಡೂಣು ಅಂತ ಕಮಿಟ್ಯಾಗ ಮಾತು ನಡದೈತಿ. ನೀವು ಮಷಿನ್ ಸರಿ ಐತಿ ಅಂದ್ರ ನಮಗೂ ಹಾದಿ ಸಲೀಸು."

ನನಗೆ ಆ ಮಾತು ಹಿಡಿಸಿತು, ಸುಳ್ಳು ಯಾಕೆ ಹೇಳಲಿ. ನನ್ನ ಪ್ರೋಗ್ರಾಮು ಕಳಂಕವಿಲ್ಲದೆ ಪಾರಾಗುತ್ತಿತ್ತು. ಆದರೆ 'ಹಾದಿ ಸಲೀಸು' ಎಂದದ್ದು ಕಿವಿಯಲ್ಲಿ ಕುಟುಕಿತು. ಯಾರಿಗಾದರೂ ಹಾದಿ ಸಲೀಸಾಗುತ್ತದೆ ಎಂದರೆ ನನಗೆ ತಕ್ಷಣ ಸಂಶಯ. ಇವರಿಗೆ ಅಕ್ಕಾರು ಬೇಡವಾಗಿರಬಹುದು, ಯಾವನೋ ಸಂಬಂಧಿಕನನ್ನು ಆ ಜಾಗಕ್ಕೆ ತರುವ ಹುನ್ನಾರ ಇರಬಹುದು, ನನ್ನ ಬಾಯಿಂದ ಒಂದು ಮಾತು ಹೊರಡಿಸಲು ಕರೆಸಿರಬಹುದು. ನೋಡಿ ಹೇಳುತ್ತೇನೆ ಎಂದು ಮತ್ತೆ ಒಳಗೆ ಹೋದೆ.

ಅಕ್ಕಾರಿಗೆ ನಮ್ಮ ಪಿಸುಮಾತು ತಿಳಿದುಬಿಟ್ಟಿತ್ತು. ಕಿವಿಯಿಂದಲೇ ಬದುಕಿದವರು, ಬೇವಿನ ಗಿಡ ಏನು ಮಹಾ ದೂರ! "ನನ್ನ ಬೆರಳಿನ ಮ್ಯಾಲ ನನಗೂ ಅನುಮಾನ ಐತ್ರಿ" ಎಂದರು. "ಆದ್ರ ನಿಮಗ ಕಣ್ಣ ಅದಾವಲ್ಲ. ಕಂಪ್ಯೂಟರ್ ಯಾಕ ನೋಡ್ತೀರಿ? ಕಾಗದ ನೋಡ್ರಿ."

ಮುಖಕ್ಕೆ ನೀರು ಚಿಮುಕಿಸಿದಂತಾಯಿತು. ಎಲ್ಲರನ್ನೂ ಸಂಶಯಿಸುವ ನಾನು ಅಲ್ಲಿಯವರೆಗೆ ಕಾಗದವನ್ನು ಕೈಗೆತ್ತಿಕೊಂಡೇ ಇರಲಿಲ್ಲ. ಕಿಟಕಿಯ ಬಳಿ ಹೋಗಿ ಓರೆ ಬೆಳಕಿಗೆ ಹಿಡಿದೆ. ಹುಣಸೆಬೀಜ ಇಟ್ಟಿದ್ದ ಮೊದಲ ಜಾಗದಲ್ಲಿ, ಬಲಗಡೆಯ ಕೆಳಗಿನ ಚುಕ್ಕಿ ನಿಜಕ್ಕೂ ಇರಲಿಲ್ಲ. ಮುಂದಿನ ಬೀಜದ ಜಾಗದಲ್ಲೂ ಇರಲಿಲ್ಲ. ಉಳಿದ ಬೀಜಗಳನ್ನು ನೋಡುವ ವ್ಯವಧಾನ ನನಗೆ ಉಳಿಯಲಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯಲು ಹೊರಟಿದ್ದೆವು. ಅವರ ಪರವಾಗಿ ನನಗೆ ಸಿಟ್ಟು ಉಕ್ಕಿ ಬಂತು.

ಅಂಗಡಿಯಲ್ಲಿ ಸರಿಯಾಗಿದ್ದದ್ದು ಇಲ್ಲಿ ಯಾಕೆ ಕೆಟ್ಟಿತು? ಯಂತ್ರ ಎಲ್ಲಿದೆ ಎಂದು ಕೇಳಿದಾಗ ಗುಟ್ಟು ಬಯಲಾಯಿತು. ಅದು ಕಂಪ್ಯೂಟರಿನ ಕೋಣೆಯಲ್ಲಿ ಇರಲೇ ಇಲ್ಲ. ಒತ್ತುವಾಗ ಹಲಗೆ ಬಡಿದಂತೆ ಸದ್ದು ಮಾಡುತ್ತದೆ, ಕೇಳಿಸಿಕೊಂಡೇ ಕಲಿಯಬೇಕಾದ ಮಕ್ಕಳಿಗೆ ಅದು ಸಹಿಸದು. ಅದಕ್ಕಾಗಿ ಅಡಿಗೆಮನೆಯಾಚೆಯ ಉಗ್ರಾಣದಲ್ಲಿ, ಜೋಳದ ಚೀಲಗಳ ನಡುವೆ ಇಟ್ಟಿದ್ದರು. ಕಂಪ್ಯೂಟರಿನಿಂದ ಅಲ್ಲಿಯವರೆಗೆ ಗೋಡೆ ಕೊರೆದು ಕೇಬಲ್ಲು ಎಳೆದಿದ್ದರು. ಅಷ್ಟುದ್ದದ ಕೇಬಲ್ಲು ಸಿಗದೆ, ಲೈಟಿನ ಕೆಲಸದವನೊಬ್ಬ ಎರಡು ಕೇಬಲ್ಲುಗಳನ್ನು ಕತ್ತರಿಸಿ ಒಂದಕ್ಕೊಂದು ಹೆಣೆದು ಟೇಪು ಸುತ್ತಿದ್ದ. ಮಕ್ಕಳ ಕಿವಿಯ ಮೇಲಿನ ಕರುಣೆ ಅವರ ಬೆರಳಿಗೆ ಮುಳುವಾಗಿತ್ತು.

ಇಷ್ಟೂ ತಪ್ಪನ್ನು ಟೇಪಿನವನ ತಲೆಗೆ ಕಟ್ಟಿ ಬರಬಹುದಿತ್ತು. ಆದರೆ ಎಲ್ಲ ಆರನೇ ಚುಕ್ಕಿಗಳೂ ಹೋಗಿರಲಿಲ್ಲ ಎಂಬುದು ನನ್ನನ್ನು ಕೊರೆಯಿತು. ಬೇರೆ ಹಾಳೆಯ ಮೇಲೆ ಅಕ್ಷರ ಒತ್ತಿಸಿ ನೋಡಿದರೆ, ಹಿಂದಿನ ಅಕ್ಷರದಲ್ಲಿ ಆರನೆಯದು ಇದ್ದರೆ ಮುಂದಿನ ಅಕ್ಷರದಲ್ಲೂ ಸರಿಯಾಗಿ ಬೀಳುತ್ತಿತ್ತು. ಹಿಂದೆ ಇಲ್ಲದೆ ಈಗ ಹೊಸದಾಗಿ ಬರಬೇಕಾದಾಗ ಮಾತ್ರ ಕೆಲವೊಮ್ಮೆ ತಪ್ಪುತ್ತಿತ್ತು. ಎಂದರೆ ಆ ತಂತಿ ಸತ್ತಿರಲಿಲ್ಲ, ನಿಧಾನವಾಗಿತ್ತು. ಉದ್ದದ ದಾರಿ, ಹೆಣೆದ ಗಂಟು, ಎಲ್ಲ ದಾಟಿ ಅದರ ಸುದ್ದಿ ತಲುಪುವ ಮೊದಲೇ ನನ್ನ ಡ್ರೈವರ್ 'ಈಗ ತಗೋ' ಎಂದು ತಟ್ಟಿಬಿಡುತ್ತಿತ್ತು. ಯಂತ್ರದ ಉತ್ತರವನ್ನು ಎರಡೆರಡು ಸಲ ಸಂಶಯಿಸಿ ಕೇಳುವ ಹಾಗೆ ಬರೆದಿದ್ದ ನಾನು, ನಾನು ಕಳಿಸಿದ್ದು ತಲುಪಿಯೇ ತಲುಪುತ್ತದೆ ಎಂದು ಕುರುಡಾಗಿ ನಂಬಿದ್ದೆ.

ಡ್ರೈವರಿನಲ್ಲಿ ಒಂದೇ ಸಾಲು ಸೇರಿಸಿದೆ. ಚುಕ್ಕಿಗಳನ್ನು ತಂತಿಯ ಮೇಲೆ ಇಟ್ಟ ಮೇಲೆ ಒಂದಿಷ್ಟು ತಾಳು, ಆಮೇಲೆ ತಟ್ಟು. ಕಣ್ಣು ಮಿಟುಕಿಸುವ ಹೊತ್ತೂ ಅಲ್ಲ, ಅದರ ಸಣ್ಣ ಚೂರು. ಕೇಬಲ್ಲಿನ ಗಂಟನ್ನೂ ಬಿಚ್ಚಿ ಬೆಸುಗೆ ಹಾಕಿದೆ. ಅದೇ ಪಾಠವನ್ನು ಮತ್ತೆ ಅಚ್ಚು ಹಾಕಿಸಿ, ಟಾರ್ಚನ್ನು ಓರೆಯಾಗಿ ಹಿಡಿದು ಒಂದೊಂದೇ ಸಾಲು ನೋಡಿದೆ. ಒಂದೂ ಬಿಟ್ಟಿರಲಿಲ್ಲ. ಕಾರ್ಯದರ್ಶಿಯವರನ್ನು ಕರೆದು, ಸ್ವಲ್ಪ ಜಂಬದಿಂದಲೇ, "ತಪ್ಪು ನಮ್ಮ ಕಡೆ ಇತ್ತು. ಅಕ್ಕಾರ ಬೆರಳು ಸರಿ ಅದಾವು" ಎಂದೆ. ಅವರ ಮುಖ ಸಣ್ಣದಾದೀತು ಎಂದು ಕಾದಿದ್ದೆ. ಅವರಿಗೋ ಎದೆಯ ಮೇಲಿನ ಭಾರ ಇಳಿದಂತಾಯಿತು. "ಭಾಳ ಚಲೋ ಆತ್ರಿ ಸರ. ಅವ್ರ ಮುಂದ ಹೆಂಗ ಹೇಳೂದು ಅಂತ ನನಗ ನಿದ್ದಿ ಇರಲಿಲ್ಲ" ಎಂದು ಚಹಾ ಹೇಳಲು ತಾವೇ ಅಡಿಗೆಮನೆಗೆ ಹೋದರು. ಸಂಬಂಧಿಕ, ಹುನ್ನಾರ, ಎಲ್ಲ ನನ್ನ ತಲೆಯಲ್ಲಿ ಮಾತ್ರ ಇದ್ದವು.

ಹೊಸ ಪುಟವನ್ನು ಅಕ್ಕಾರ ಮುಂದೆ ಇಟ್ಟೆ. ಬೆರಳು ಸರಸರನೆ ಓಡಿತು. ನಗುತ್ತ ಓದುತ್ತಿದ್ದರು. ಅರ್ಧ ಪುಟ ದಾಟಿದ ಮೇಲೆ ಬೆರಳು ನಿಂತಿತು, ಹಿಂದೆ ಬಂತು, ಮತ್ತೆ ಅಲ್ಲೇ ನಿಂತಿತು. ಎಡಗೈ ಹುಣಸೆಬೀಜ ಹುಡುಕಿತು.

"ಇಲ್ಲೊಂದು ಉಳದೈತಿ ನೋಡ್ರಿ ಸರ."

ಬಗ್ಗಿ ನೋಡಿದೆ. ಚುಕ್ಕಿ ಇತ್ತು. ಟಾರ್ಚು ಹಚ್ಚಿ ನೋಡಿದೆ, ನೆರಳು ಬೀಳುವಷ್ಟು ಎದ್ದು ನಿಂತಿತ್ತು. ನನ್ನ ಕಣ್ಣನ್ನು ಸಂಶಯಿಸಿದೆ, ಬೆಳಕನ್ನು ಸಂಶಯಿಸಿದೆ. ಹಳೆಯ ಪುಟದ ಮೇಲೆ ನಾನು ನೋಡದೆ ಬಿಟ್ಟಿದ್ದ ಬೀಜಗಳು ನೆನಪಾದವು. ನಾನು ಬರೆದದ್ದರಲ್ಲಿ ಇನ್ನೊಂದು ತಪ್ಪು ಇರಲಿ ದೇವರೇ ಎಂದು ಬೇಡಿಕೊಂಡದ್ದು ಅದೊಂದೇ ಸಲ.

"ಕಂಡ್ತೇನ್ರಿ ಸರ?"

"ಕಾಗದ ಸ್ವಲ್ಪ ಮೆತ್ತಗ ಅದ ಅನಸ್ತದ್ರಿ" ಎಂದೆ.

"ಕಾಗದದ ತಪ್ಪಾಗಿದ್ರ ನೀವು ಇಷ್ಟೊತ್ತಿಗೆ ಕಾಗದದವನ್ನ ಬಯ್ದಿರ್ತಿದ್ರಿ" ಎಂದರು ಅಕ್ಕಾರು. ಬಲಗೈ ಎತ್ತಿ ಎಡಗೈಯ ತೋರುಬೆರಳನ್ನು ಅದೇ ಜಾಗಕ್ಕೆ ತಂದರು. ಎಡಗೈಗೆ ಓದುವ ರೂಢಿ ಇರಲಿಲ್ಲ, ತಡವರಿಸುತ್ತ ಬಂತು. ಚುಕ್ಕಿಯ ಮೇಲೆ ನಿಂತಿತು. "ಐತಿ" ಎಂದರು.

ಕಾರ್ಯದರ್ಶಿಯವರು ಚಹಾದ ತಟ್ಟೆ ಹಿಡಿದು ಒಳಗೆ ಬಂದು, "ಹೆಂಗೈತ್ರಿ ಅಕ್ಕಾರ?" ಎಂದು ಕೇಳಿದರು. ನಾನು ಬಾಯಿ ತೆರೆಯುವಷ್ಟರಲ್ಲಿ ಅಕ್ಕಾರೇ ಹೇಳಿದರು: "ಮಷಿನ್ ಸರಿ ಆಗೇತ್ರಿ. ಓದೂ ಕೆಲಸ ಬ್ಯಾರೆಯವ್ರಿಗೆ ಕೊಡ್ರಿ. ಸರಿ ಇದ್ದಿದ್ದನ್ನ ತಪ್ಪು ಅಂತ ತಿದ್ದಾಕ ಹೋದ್ರ ಮಕ್ಕಳ ಪುಸ್ತಕ ಕೆಡ್ತಾವು." ಕಾರ್ಯದರ್ಶಿಯವರು ನನ್ನ ಮುಖ ನೋಡಿದರು. ನಾನು ಚಹಾ ನೋಡಿದೆ.

ಹೊರಡುವಾಗ ಅಕ್ಕಾರು ಬಾಗಿಲವರೆಗೆ ಬಂದರು. ಗೋಡೆ ಹಿಡಿದು ನಿಂತು, "ಸರ, ಒಂದ್ ಕೇಳ್ತೇನಿ, ತಪ್ಪ ತಿಳಕೋಬ್ಯಾಡ್ರಿ" ಎಂದರು. "ಒಂದ ಪುಸ್ತಕ, ನನ್ನ ಸಲುವಾಗಿ. ಚುಕ್ಕಿ ಇನ್ನೊಂಚೂರು ಎತ್ತರ ಬರೂವಂಗ ನಿಮ್ಮ ಪ್ರೋಗ್ರಾಮಿನ್ಯಾಗ ಬರದು ಕೊಡಾಕ ಆಗ್ತೈತೇನ್ರಿ?"

ಆ ಆರು ತಂತಿಗಳು ಚುಕ್ಕಿ ಇದೆ ಎನ್ನುತ್ತವೆ, ಇಲ್ಲ ಎನ್ನುತ್ತವೆ. ಎಷ್ಟು ಎತ್ತರ ಎಂದು ಹೇಳುವ ತಂತಿ ಆ ಯಂತ್ರಕ್ಕಿಲ್ಲ. ಬಸ್ಸಿನ ಹಾರ್ನು ಕೇಳಿಸಿತು. ಅವರು ಕಾಯುತ್ತಿದ್ದರು.

"ಆಗೂದಿಲ್ರಿ ಅಕ್ಕಾರ" ಎಂದೆ.